ಕೌಂಟರ್ ಬಿಡುವ ಮುನ್ನ...

ಬ್ಯಾಂಕಿನ ಕ್ಯಾಶ್ ಕೌಂಟರ್ ಮೇಲಿನ ಫಲಕ ನೀವೂ ನೋಡಿರ್ತೀರಿ: 'ಕೌಂಟರ್ ಬಿಡುವ ಮುನ್ನ ಹಣ ಎಣಿಸಿಕೊಳ್ಳಿ'. ಮೂವತ್ತು ವರ್ಷ ಆ ಫಲಕದ ಹಿಂದೆ ಕೂತ ನಾನೇ ಈ ಸಲ ಗ್ಯಾರೇಜಿನಲ್ಲಿ ಎಣಿಸದೆ ಬಂದೆ ನೋಡಿ!

ದೀಪಾವಳಿಗೆ ಧಾರವಾಡಕ್ಕೆ ಹೊರಡುವ ಮುನ್ನ ಇಲ್ಲೇ ಪುಣೆಯಲ್ಲಿ ಕಾರಿನ ಆಯಿಲ್ ಬದಲಿಸಿದ್ದೆ. ಸಂಜೆ ಗಾಡಿ ತರುವಾಗ ಎಂಜಿನ್ನಿನಿಂದ ಟಿಕ್ ಟಿಕ್ ಸದ್ದು. ಮೆಕ್ಯಾನಿಕ್‌ನನ್ನು ಕೇಳಿದರೆ "ನಯಾ ಆಯಿಲ್ ಹೈ ಸಾಬ್, ಸೆಟ್ ಹೋ ಜಾಯೇಗಾ" ಅಂದ. ತಲೆ ಆಡಿಸಿ ಬಂದೆ.

ಮರುದಿನ ಹೆದ್ದಾರಿಯಲ್ಲಿ ನನ್ನಾಕೆ, "ಏನ್ರೀ, ಗಾಡಿ ಹೊಲಿಗಿ ಮಷೀನ್ ಹಂಗ ಟಕಟಕ ಅನ್ನಾಕತ್ತೈತಲ್ರೀ" ಅಂದಳು. ಮುಂದೆ ಖಂಬಾಟ್ಕಿ ಘಾಟ್. ಶಿರವಳದ ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದೆ. ಆಯಿಲ್ ಕೆಳಗಿನ ಗುರುತಿಗೂ ಮುಟ್ಟಿರಲಿಲ್ಲ! ಬಿಲ್ಲಿನಲ್ಲಿ ಮಾತ್ರ ಮೂರೂವರೆ ಲೀಟರ್. ಪುಸ್ತಕದಲ್ಲಿದ್ದ ಗ್ರೇಡಿನದೇ ಆಯಿಲ್ ಕೊಂಡು, ಸ್ವಲ್ಪ ಸ್ವಲ್ಪವೇ ಹಾಕಿ ನೋಡುತ್ತಾ, ಒಂದು ಲೀಟರಿನ ಮೇಲೆ ಸುರಿದ ಮೇಲೆ ಮೇಲಿನ ಗುರುತಿನ ಹತ್ತಿರ ಬಂತು. ಸದ್ದೂ ನಿಂತಿತು. ಅವನು ಮರೆತನೋ, ಉಳಿಸಿದನೋ, ದೇವರೇ ಬಲ್ಲ.

ಮೆಕ್ಯಾನಿಕ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಹೊಸ ಫಿಲ್ಟರ್ ಖಾಲಿ ಇರುತ್ತದೆ, ಅದು ತುಂಬುವ ತನಕ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಕೆಲವು ಸೆಕೆಂಡು ಸದ್ದು ಬರಬಹುದು. ಆದರೆ ಮನೆ ಮುಟ್ಟಿದರೂ ನಿಲ್ಲದ ಸದ್ದು 'ಸೆಟ್' ಆಗುವಂಥದ್ದಲ್ಲ. ಆಯಿಲ್ ಕಡಿಮೆಯಾಗಿರಬಹುದು, ಗ್ರೇಡ್ ತಪ್ಪಿರಬಹುದು, ಫಿಲ್ಟರ್ ಸರಿಯಿಲ್ಲದಿರಬಹುದು. ಜಾಸ್ತಿ ಸುರಿದರೂ ಕಷ್ಟವೇ, ನೊರೆ ಏಳುತ್ತದೆ. ಕೆಂಪು ದೀಪ ಹತ್ತಲಿಲ್ಲವಲ್ಲ ಅಂತ ಸಮಾಧಾನ ಬೇಡ. ಬಹಳಷ್ಟು ಗಾಡಿಗಳಲ್ಲಿ ಆ ದೀಪ ತೋರಿಸುವುದು ಆಯಿಲ್ ಒತ್ತಡವನ್ನು, ಮಟ್ಟವನ್ನಲ್ಲ. ಅದು ಹತ್ತಿತೋ, ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಲೇಬೇಕು.

ನನ್ನ ಸಿಟ್ಟು ಮೆಕ್ಯಾನಿಕ್ ಮೇಲಿದ್ದದ್ದಕ್ಕಿಂತ ನನ್ನ ಮೇಲೇ ಹೆಚ್ಚು. ಬ್ಯಾಂಕಿನಲ್ಲಿ ಒಬ್ಬ ಬರೆದ ವೋಚರ್ ಇನ್ನೊಬ್ಬ ನೋಡದೆ ಪಾಸ್ ಆಗುವುದಿಲ್ಲ. ಅದು ಅಪನಂಬಿಕೆಯಲ್ಲ, ಪದ್ಧತಿ. ಗ್ಯಾರೇಜಿನಲ್ಲಿ ಮಾತ್ರ ನನಗೆ ಸಂಕೋಚ. ನಿಜ ಹೇಳಲಾ? ಇಷ್ಟು ವರ್ಷ ಇಲ್ಲಿದ್ದರೂ ಪರಭಾಷೆಯಲ್ಲಿ ಜಗಳ ಆಡಲು ನನಗೆ ಬರುವುದಿಲ್ಲ. ಹಿಂದಿ-ಮರಾಠಿಯಲ್ಲಿ ವ್ಯವಹಾರ ಮಾಡಬಲ್ಲೆ, ವಾದ ಮಾಡಲಾರೆ. 'ಹೋಗಲಿ ಬಿಡು' ಅನ್ನುವುದೇ ಅಭ್ಯಾಸವಾಗಿದೆ. ನಿಮ್ಮಲ್ಲೂ ಎಷ್ಟೋ ಜನ ಹೀಗೇ ಇರಬೇಕು.

ಆದರೆ ಇದಕ್ಕೆ ಜಗಳ ಯಾಕೆ ಬೇಕು ಸ್ವಾಮಿ? ದುಡ್ಡು ಕೊಡುವ ಮುನ್ನ ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಐದು-ಹತ್ತು ನಿಮಿಷ ಕಾದು "ಡಿಪ್‌ಸ್ಟಿಕ್ ದಿಖಾವೋ" ಅಂದರೆ ಆಯಿತು. ಬಿಲ್ಲಿನಲ್ಲಿ ಎಷ್ಟು ಲೀಟರ್, ಯಾವ ಗ್ರೇಡ್ ಅಂತ ಬರೆಸಿ ಗಾಡಿಯ ಪುಸ್ತಕದೊಂದಿಗೆ ತಾಳೆ ನೋಡಿ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ನೋಟು ಎಣಿಸಿಕೊಂಡ ಗ್ರಾಹಕನ ಮೇಲೆ ನಾನಂತೂ ಒಂದು ದಿನವೂ ಮುನಿಸಿಕೊಂಡಿಲ್ಲ.

ಅಂದು ಸದ್ದು ಕೇಳಿಸಿದ್ದು ನನ್ನಾಕೆಗೆ. ನಾನು ಸುಮ್ಮನೆ ಘಾಟ್ ಹತ್ತಿಸಿದ್ದರೆ...? ಏನಂತೀರಿ?