ಅರ್ಜಿಯ ಭಾಷೆ ಯಾರದು?

ಅರ್ಜಿಯೆಂಬುದು ಪ್ರಜೆಯು ಸರಕಾರದೊಡನೆ ಆಡುವ ಮಾತು. ಆಡುವವನು ತನ್ನ ನಾಲಗೆಯನ್ನು ಮರೆತು ಕೇಳುವವನ ಕಿವಿಗೆ ಹೊಂದಿಕೊಳ್ಳಬೇಕೆಂಬ ಕಟ್ಟಳೆ ಅರಸೊತ್ತಿಗೆಗೆ ಒಪ್ಪುತ್ತಿತ್ತೇನೋ, ಪ್ರಜಾರಾಜ್ಯಕ್ಕೆ ಒಪ್ಪುವುದಿಲ್ಲ. ಇಂದು ಮದ್ದಿಕೇರದಿಂದ ಆದವಾನಿಯವರೆಗೆ ಕೊಳವೆಬಾವಿಯ ಅನುಮತಿ, ಖಾತೆಯ ಬದಲಾವಣೆ, ಜಾತಿ ಮತ್ತು ಆದಾಯದ ಪ್ರಮಾಣಪತ್ರ ಮುಂತಾದುವಕ್ಕೆ ಕಾಗದದ ಅರ್ಜಿಯ ಬದಲು ಗಣಕಯಂತ್ರದ ನಮೂನೆ ಬಂದಿದೆ. ಈ ಮಾರ್ಪಾಟಿನಲ್ಲಿ ಇಲ್ಲಿಯ ಕನ್ನಡಿಗನು ಸದ್ದಿಲ್ಲದೆ ಕಳೆದುಕೊಳ್ಳುತ್ತಿರುವುದೇನು ಎಂಬುದನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ನಾವು ಯಂತ್ರದ ವಿರೋಧಿಗಳಲ್ಲ. ಕಾಗದದ ಕಾಲವು ಸತ್ಯಯುಗವಾಗಿತ್ತೆಂದು ಹೇಳುವ ಧೈರ್ಯ ಯಾರಿಗೂ ಇರಲಾರದು. ಅರ್ಜಿಯನ್ನು ಕೊಟ್ಟವನು ಕಡತವನ್ನು ಹುಡುಕಿಕೊಂಡು ತಿಂಗಳುಗಟ್ಟಲೆ ಅಲೆದುದೂ, ಕೈ ಬೆಚ್ಚಗೆ ಮಾಡದೆ ಕಾಗದ ಕದಲದಿದ್ದುದೂ ಎಲ್ಲರೂ ಬಲ್ಲ ಸಂಗತಿಗಳು. 2011ರಲ್ಲಿ ಅವಿಭಜಿತ ಆಂಧ್ರಪ್ರದೇಶದ ಸರಕಾರವು ಮೀಸೇವ ವ್ಯವಸ್ಥೆಯನ್ನು ತೆರೆದಾಗ ಅರ್ಜಿಗೆ ಒಂದು ಸಂಖ್ಯೆ ಬಂತು, ರಶೀದಿ ಬಂತು. 2019ರ ಅಕ್ಟೋಬರ್ 2ರಂದು ಆರಂಭವಾದ ಗ್ರಾಮ ಸಚಿವಾಲಯಗಳಿಂದ ಕಛೇರಿಯು ಊರಿನ ಸಮೀಪಕ್ಕೆ ಬಂತು. 2025ರ ಜನವರಿಯಿಂದ ವಾಟ್ಸಾಪಿನ ಮೂಲಕವೂ ಸರಕಾರಿ ಸೇವೆಗಳು ದೊರೆಯತೊಡಗಿವೆ. ಇವೆಲ್ಲ ಒಳ್ಳೆಯವೇ. ಆದರೆ ‘ಮೀ ಸೇವ’ ಎಂದರೆ ‘ನಿಮ್ಮ ಸೇವೆ’. ಈ ‘ನೀವು’ ಎಂಬ ಮಾತಿನಲ್ಲಿ ನಾವೂ ಸೇರಿದ್ದೇವೆಯೇ ಎಂಬುದಷ್ಟೇ ನಮ್ಮ ಪ್ರಶ್ನೆ.

ನಾವು ಇಲ್ಲಿಗೆ ವಲಸೆ ಬಂದ ಜನವಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು ತಾಲೂಕುಗಳು ಕರ್ನೂಲಿಗೂ ರಾಯದುರ್ಗವು ಅನಂತಪುರಕ್ಕೂ ಸೇರಿದುವು. ಉಳಿದುವು ಮೈಸೂರಿಗೆ ಹೋದುವು. ಗೆರೆ ಕದಲಿತು, ಮನೆಗಳು ಕದಲಲಿಲ್ಲ. ಆ ಗೆರೆಯನ್ನು ಅಳಿಸಬೇಕೆಂದು ನಾವು ಇಂದು ಕೇಳುತ್ತಿಲ್ಲ. ತೆಲುಗು ಈ ರಾಜ್ಯದ ಅಧಿಕೃತ ಭಾಷೆಯೆಂಬುದನ್ನೂ ಗೌರವದಿಂದ ಒಪ್ಪಿದ್ದೇವೆ. ಆದರೆ ಗೆರೆಯ ಈಚೆಗೆ ಉಳಿದವರಿಗೆ ದೇಶವು ಕೊಟ್ಟ ಮಾತೊಂದುಂಟು. ಸಂವಿಧಾನದ 350ನೆಯ ಅನುಚ್ಛೇದದ ಪ್ರಕಾರ ಯಾವ ವ್ಯಕ್ತಿಯಾದರೂ ತನ್ನ ಕುಂದುಕೊರತೆಯ ಅಹವಾಲನ್ನು ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಸಲ್ಲಿಸಬಹುದು. ಬಹುಸಂಖ್ಯಾತನಾಗಿರಬೇಕೆಂಬ ಷರತ್ತು ಅದರಲ್ಲಿಲ್ಲ. 1956ರಲ್ಲಿ ಭಾರತ ಸರಕಾರವು ಹೊರಡಿಸಿದ ಜ್ಞಾಪನಪತ್ರವು, ನೂರಕ್ಕೆ 15ರಿಂದ 20ರಷ್ಟು ಜನ ಒಂದು ಅಲ್ಪಸಂಖ್ಯಾತ ಭಾಷೆಯನ್ನಾಡುವ ಪ್ರದೇಶದಲ್ಲಿ ಮುಖ್ಯ ಪ್ರಕಟಣೆಗಳೂ ನಿಯಮಗಳೂ ಆ ಭಾಷೆಯಲ್ಲಿಯೂ ಬರುವುದು ಯುಕ್ತವೆಂದು ಹೇಳಿತು.

ಅನುಮತಿಯ ಅರ್ಜಿ ಬೇರೆ, ಅಹವಾಲು ಬೇರೆ ಎಂದು ವಾದಿಸುವ ಬುದ್ಧಿವಂತರಿದ್ದಾರೆ. ಇರಲಿ. ಅನುಮತಿ ಸಿಗದವನ ಮುಂದಿನ ಹೆಜ್ಜೆ ಅಹವಾಲೇ ಅಲ್ಲವೆ? ಆ ಅಹವಾಲೂ ಈಗ ಅದೇ ಯಂತ್ರದ ಬಾಗಿಲಿನಿಂದಲೇ ಒಳಗೆ ಹೋಗಬೇಕಾಗಿದೆ.

ಕಾಗದಕ್ಕೆ ಒಂದು ದೊಡ್ಡ ಗುಣವಿತ್ತು: ಅದು ಖಾಲಿಯಾಗಿತ್ತು. ಬರೆಯುವವನು ತನ್ನ ಭಾಷೆಯಲ್ಲಿ ತನ್ನ ಕಾರಣವನ್ನು ಬರೆಯಬಹುದಾಗಿತ್ತು. ಅದನ್ನು ನಿರಾಕರಿಸಬೇಕಾದರೆ ಒಬ್ಬ ಅಧಿಕಾರಿ ‘ಕನ್ನಡದ ಅರ್ಜಿ ನಮಗೆ ಬೇಡ’ ಎಂದು ಬಾಯಿಬಿಟ್ಟು ಹೇಳಬೇಕಾಗಿತ್ತು. ಹೇಳಿದರೆ ಆ ಮಾತಿಗೆ ಉತ್ತರವಾದಿಯಾಗಬೇಕಾಗಿತ್ತು. ಯಂತ್ರವು ನಿರಾಕರಿಸುವುದಿಲ್ಲ, ಅಂಗೀಕರಿಸುವುದೂ ಇಲ್ಲ. ಮೀಸೇವದ ಮುಖ ತೆಲುಗು ಮತ್ತು ಇಂಗ್ಲಿಷ್. ಮೂರನೆಯ ಭಾಷೆಗೆ ಅಲ್ಲಿ ಮನೆಯೇ ಇಲ್ಲ. ಹಕ್ಕನ್ನು ಯಾರೂ ಕಸಿದುಕೊಳ್ಳಲಿಲ್ಲ. ಅದನ್ನು ಇಡುವ ಜಾಗ ಮಾತ್ರ ಇಲ್ಲದಾಯಿತು!

ಉದಾಹರಣೆಗೆ, ವಾಲ್ಟಾ ಎಂದು ಹೆಸರಾದ 2002ರ ಕಾಯಿದೆಯ ಮೇರೆಗೆ ಕೊಳವೆಬಾವಿಗೆ ಅನುಮತಿ ಬೇಡುವ ರೈತನನ್ನು ತೆಗೆದುಕೊಳ್ಳೋಣ. ಕರ್ನೂಲಿನ ಪಡುವಣ ಭಾಗದ ಬೆದ್ದಲು ಭೂಮಿಯಲ್ಲಿ ಇದಕ್ಕಿಂತ ದೊಡ್ಡ ಅರ್ಜಿ ಯಾವುದಿದ್ದೀತು? ಹಳೆಯ ಬಾವಿ ಬತ್ತಿದೆ, ಅಣ್ಣತಮ್ಮಂದಿರ ಪಾಲು ಇನ್ನೂ ಇತ್ಯರ್ಥವಾಗಿಲ್ಲ, ಊರ ಕುಡಿಯುವ ನೀರಿನ ಬಾವಿ ಹಳ್ಳದ ಆಚೆಗಿದೆ ಎಂದು ಅವನು ಹೇಳಬಲ್ಲ. ನಮೂನೆಯು ಸರ್ವೆ ನಂಬರನ್ನೂ ಖಾತೆಯನ್ನೂ ದೂರವನ್ನೂ ಕೇಳುತ್ತದೆ. ಕೇಂದ್ರದಲ್ಲಿ ಕುಳಿತ ಹುಡುಗನು ತನಗೆ ತಿಳಿದಷ್ಟನ್ನು ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಒತ್ತುತ್ತಾನೆ. ಕೊನೆಯಲ್ಲಿ ‘ಮೇಲೆ ಹೇಳಿದುದೆಲ್ಲವೂ ಸತ್ಯ’ ಎಂಬ ಘೋಷಣೆಯುಂಟು. ಅದು ಯಾರ ಸತ್ಯ? ಒತ್ತಿದವನದಲ್ಲ, ಓದಲಾರದ ರೈತನದು. ದೂರದ ಅಂಕಿ ತಪ್ಪಾದರೆ ಅನುಮತಿ ತಪ್ಪುವುದು ಅವನಿಗೆ. ಸುಳ್ಳು ಹೇಳಿದನೆಂಬ ಅಪವಾದವೂ ಅವನಿಗೇ. ಹೆಬ್ಬೆಟ್ಟಿನ ಕಾಲದಲ್ಲಿ ಓದಿ ಹೇಳಿ ಒತ್ತಿಸಿಕೊಳ್ಳಬೇಕೆಂಬ ಮರ್ಯಾದೆಯಾದರೂ ಇತ್ತು. ಇಂದು ಅವನ ಮೊಬೈಲಿಗೆ ಬಂದ ಅಂಕಿಗಳನ್ನು ಕೇಳಿ ಪಡೆದರೆ ಅದೇ ಒಪ್ಪಿಗೆ!

‘ನಿಮಗೆಲ್ಲ ತೆಲುಗು ಬರುತ್ತದಲ್ಲ?’ ಎನ್ನುವರು. ಬರುತ್ತದೆ, ಸಂತೆಯಲ್ಲಿ, ನೆರೆಮನೆಯಲ್ಲಿ, ನಂಟಸ್ತಿಕೆಯಲ್ಲಿ ಸೊಗಸಾಗಿ ಬರುತ್ತದೆ. ಆಡಲು ಬರುವುದು ಬೇರೆ, ಕಂದಾಯ ಇಲಾಖೆಯ ತೆಲುಗನ್ನು ಓದಿ ಒಪ್ಪಿಕೊಳ್ಳುವುದು ಬೇರೆ. ಈ ರಾಜ್ಯವೇ ಗಡಿನಾಡಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸುತ್ತಿದೆ. ಹತ್ತನೆಯ ತರಗತಿಯ ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸುತ್ತಿದೆ. ಕನ್ನಡದಲ್ಲಿ ಪರೀಕ್ಷೆ ಮಾಡಬಲ್ಲ ಸರಕಾರಕ್ಕೆ ಕನ್ನಡದಲ್ಲಿ ಅರ್ಜಿ ಓದಲಾಗದೆಂದರೆ ನಂಬುವವರು ಯಾರು?

‘ಖರ್ಚು’ ಎನ್ನುವರು. ನಮೂನೆಗಳನ್ನು ಅಚ್ಚು ಹಾಕಿಸಿ ಬಂಡಿಯಲ್ಲಿ ಸಾಗಿಸುತ್ತಿದ್ದ ಕಾಲದಲ್ಲಿ ಈ ಮಾತಿಗೆ ತೂಕವಿತ್ತು. ಯಂತ್ರದಲ್ಲಿ ಒಮ್ಮೆ ಅನುವಾದಿಸಿದರೆ ಸಾಕು. ಪ್ರತಿಗಳಿಗೆ ಕಾಗದ ಬೇಡ. ಅದರಲ್ಲಿಯೂ ಕನ್ನಡ ತೆಲುಗುಗಳದು ಒಡಹುಟ್ಟಿದ ಲಿಪಿ. ಗಣಕಯಂತ್ರವು ಪ್ರತಿ ಅಕ್ಷರವನ್ನೂ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಯೂನಿಕೋಡಿನಲ್ಲಿ ತೆಲುಗಿನ ಕಕಾರಕ್ಕೆ 3093, ಕನ್ನಡದ ಕಕಾರಕ್ಕೆ 3221, ವ್ಯತ್ಯಾಸ 128. ಸ್ವರಗಳಿಗೂ ವ್ಯಂಜನಗಳಿಗೂ ಇದೇ ಅಂತರ. ಕನ್ನಡದಲ್ಲಿ ಬರೆದ ಹೆಸರನ್ನೂ ಊರನ್ನೂ ತೆಲುಗು ಲಿಪಿಯಲ್ಲಿ ತೋರಿಸಲು ಯಂತ್ರಕ್ಕೆ ಬೇಕಾದುದು ಒಂದು ಕಳೆಯುವ ಲೆಕ್ಕ. ಅಡ್ಡಿ ಯಂತ್ರದಲ್ಲಿಲ್ಲ, ಮನಸ್ಸಿನಲ್ಲಿದೆ.

ಇನ್ನೊಂದು ಮಾತನ್ನು ನಮ್ಮ ಕಡೆಗೂ ತಿರುಗಿಸಿ ಹೇಳಬೇಕು. ಕರ್ನಾಟಕದ ‘ಭೂಮಿ’ ಯೋಜನೆಯು ಪಹಣಿಯನ್ನು ಯಂತ್ರದಿಂದ ಕನ್ನಡದಲ್ಲಿ ಕೊಡತೊಡಗಿ ಎರಡು ದಶಕಗಳು ಮೀರಿದುವು. ಅದನ್ನು ಕಂಡು ನಾವು ಹೆಮ್ಮೆಪಡುತ್ತೇವೆ. ಆದರೆ ಪಾವಗಡದ, ಬಾಗೇಪಲ್ಲಿಯ ತೆಲುಗರಿಗೂ ಬೆಳಗಾವಿಯ ಮರಾಠಿಗರಿಗೂ 350ನೆಯ ಅನುಚ್ಛೇದವು ನಮಗಿರುವಷ್ಟೇ ಇದೆ. ಇಲ್ಲಿ ಬೇಡುವ ಹಕ್ಕನ್ನು ಅಲ್ಲಿ ಕೊಡಲು ಹಿಂಜರಿಯುವವರ ಬೆಂಬಲ ನಮಗೆ ಬೇಡ. ನ್ಯಾಯವು ಗಡಿಯನ್ನು ದಾಟಿದೊಡನೆ ಬಣ್ಣ ಬದಲಿಸಬಾರದು.

ನಾವು ಕೇಳುವುದು ನಾಲ್ಕು. ಕನ್ನಡಿಗರಿರುವ ಮಂಡಲಗಳಲ್ಲಿ ನಮೂನೆಗಳಿಗೆ ಕನ್ನಡದ ಮುಖವಿರಲಿ. ಕಾರಣವನ್ನು ಕನ್ನಡದಲ್ಲಿಯೇ ಬರೆಯಲು ಒಂದು ಖಾಲಿ ಜಾಗವಿರಲಿ. ಒತ್ತುವ ಮುನ್ನ ಬರೆದುದನ್ನೆಲ್ಲ ಅರ್ಜಿದಾರನಿಗೆ ಅವನ ಭಾಷೆಯಲ್ಲಿ ಓದಿ ಹೇಳುವುದು ಕಡ್ಡಾಯವಾಗಲಿ. ಕಾಗದದ ಅರ್ಜಿಯನ್ನು ತೆಗೆದುಕೊಂಡು ಸಂಖ್ಯೆ ಕೊಡುವ ಒಂದು ಮೇಜು ಉಳಿಯಲಿ.

ನಾವು ಮಾಡಬೇಕಾದುದೂ ಒಂದುಂಟು. ಹಕ್ಕು ಗೋಡೆಯ ಮೇಲಿನ ಪಟವಲ್ಲ. ಬಳಸದಿದ್ದರೆ ಗೆದ್ದಲು ಹಿಡಿಯುತ್ತದೆ. ಪ್ರತಿಯೊಬ್ಬ ಕನ್ನಡಿಗನೂ ವರ್ಷಕ್ಕೊಂದಾದರೂ ಅಹವಾಲನ್ನು ಕನ್ನಡದಲ್ಲಿ ಬರೆದು ಅಂಚೆಯಲ್ಲಿ ಕಳುಹಿಸಲಿ, ರಶೀದಿಯನ್ನು ಜೋಪಾನವಾಗಿಡಲಿ. ಹಿಂದಿರುಗಿಸಿದರೆ 350ಬಿ ಅನುಚ್ಛೇದದ ಮೇರೆಗೆ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಅದರ ಪ್ರತಿಯನ್ನು ಕಳುಹಿಸಲಿ. ಕನ್ನಡದಲ್ಲಿ ಅರ್ಜಿಯೇ ಬರುವುದಿಲ್ಲವೆಂದು ಹೇಳುವ ಅವಕಾಶವನ್ನು ಸರಕಾರಕ್ಕೆ ನಾವು ಕೊಡಬಾರದು.