ಟಿ.ವಿ. ನಮ್ಮದು, ಬೀಗದ ಕೈ ಅವರದು

ಅಟ್ಟದ ಮೇಲೆ ಹುಡುಕಿದರೆ ಒಂದಾದರೂ ಹಳೆಯ ಸೆಟ್ ಟಾಪ್ ಬಾಕ್ಸ್ ಸಿಕ್ಕದ ಮನೆ ನಮ್ಮ ಓಣಿಗಳಲ್ಲಿ ವಿರಳ. ಕೇಬಲ್ ಬಿಟ್ಟು ಡಿಶ್ ಹಾಕಿಸಿದಾಗ ಒಂದು ಡಬ್ಬಿ ಮೂಲೆ ಸೇರಿತು. ಆ ಡಿಶ್ ಕಂಪೆನಿಯ ದರ ಏರಿತೆಂದು ಇನ್ನೊಂದಕ್ಕೆ ಹೋದಾಗ ಮತ್ತೊಂದು ಸೇರಿತು. ಇವು ಕೆಟ್ಟು ಬಿದ್ದವಲ್ಲ. ಕರೆಂಟು ಕೊಟ್ಟರೆ ಈಗಲೂ ದೀಪ ಹತ್ತುತ್ತದೆ. ಆದರೆ ಒಂದು ಕಂಪೆನಿಯ ಡಬ್ಬಿಗೆ ಇನ್ನೊಂದು ಕಂಪೆನಿಯ ತಂತಿ ಸಿಕ್ಕಿಸಿದರೆ ಚಿತ್ರ ಬಾರದು. ಗಿರಣಿಯಲ್ಲಿ ಎರಡು ಮೂರು ಪಾಳಿ ದುಡಿದ ಕೂಲಿ ಹೀಗೆ ಧೂಳು ಹಿಡಿದು ಕೂತಿದೆ.

ಇದು ಅನಿವಾರ್ಯವೇ ಎಂದು ನಾವು ಕೇಳಬೇಕಾಗಿದೆ. ಬಲ್ಬು ಒಂದು ಕಂಪೆನಿಯದು, ಹೋಲ್ಡರು ಇನ್ನೊಂದರದು, ಕರೆಂಟು ಮತ್ತೊಬ್ಬರದು. ಆದರೂ ದೀಪ ಉರಿಯುತ್ತದೆ. ಮೊಬೈಲ್ ಫೋನನ್ನು ಯಾವ ಅಂಗಡಿಯಲ್ಲಾದರೂ ಕೊಳ್ಳುತ್ತೇವೆ, ಸಿಮ್ಮನ್ನು ಮನಬಂದ ಕಂಪೆನಿಯಿಂದ ಪಡೆಯುತ್ತೇವೆ, ಬೇಡವಾದರೆ ಕಿತ್ತು ಬೇರೆಯದನ್ನು ಹಾಕುತ್ತೇವೆ. 2011ರಿಂದ ದೇಶದಾದ್ಯಂತ ನಂಬರನ್ನೂ ಜೊತೆಗೇ ಒಯ್ಯಬಹುದಾಗಿದೆ. ಟಿ.ವಿ.ಯ ವಿಷಯದಲ್ಲಿ ಮಾತ್ರ ಕಂಪೆನಿ ಬದಲಾಯಿಸಿದೆವೋ, ಯಂತ್ರವನ್ನೇ ಬಿಸಾಡಬೇಕು. ವಿಜ್ಞಾನ ಹೀಗೆ ವಿಧಿಸಿಲ್ಲ; ಇದು ವ್ಯಾಪಾರದ ಏರ್ಪಾಟು.

ಡಬ್ಬಿ ಮಾಡುವ ಕೆಲಸ ಎರಡು. ತಂತಿಯಲ್ಲಿ ಬರುವ ಸಂಕೇತವನ್ನು ಹಿಡಿದು ಚಿತ್ರ, ಶಬ್ದ ಮಾಡುವುದು ಮೊದಲನೆಯದು. ಇದು ಎಲ್ಲರಿಗೂ ಒಂದೇ ಬಗೆಯ ಕೆಲಸ, ಟಿ.ವಿ.ಯೊಳಗೇ ಆಗಬಹುದಾದ್ದು. ಎರಡನೆಯದು ಬೀಗದ ಕೆಲಸ. ಕಂಪೆನಿಯು ಚಾನಲ್ಲುಗಳನ್ನು ಕಲಸಿ ಕಳಿಸುತ್ತದೆ. ಹಣ ಕಟ್ಟಿದವನ ಡಬ್ಬಿಯಲ್ಲಿರುವ ಗುಪ್ತ ಕೀಲಿಗೆ ಮಾತ್ರ ಅದು ಬಿಡಿಸಿಕೊಳ್ಳುತ್ತದೆ. ಬೀಗ ಇರಲಿ, ಹಣ ಕೊಡದವನಿಗೆ ಮಾಲು ಬೇಡ ಎಂದರೆ ಅಂಗಡಿಯ ನಮ್ಮ ಗೆಳೆಯರೂ ತಕರಾರು ಮಾಡರು. ಆದರೆ ಬೀಗವನ್ನು ಯಂತ್ರಕ್ಕೇ ಬೆಸೆದು, ಬೀಗ ಬೇಕಾದರೆ ಯಂತ್ರವನ್ನೂ ನಮ್ಮಿಂದಲೇ ಕೊಳ್ಳಿ ಎನ್ನುವುದು ಬೇರೆಯೇ ಮಾತು. ಜಗಳವೆಲ್ಲ ಈ ಬೆಸುಗೆಯದು.

ಈ ಜಗಳ ನಮ್ಮಲ್ಲಿ ಹುಟ್ಟಿದ್ದಲ್ಲ. ಬಂಡವಾಳದ ತವರಾದ ಅಮೆರಿಕಾದಲ್ಲಿ ಇದು ಮೂವತ್ತು ವರ್ಷ ನಡೆಯಿತು. ಆ ಕಥೆಯನ್ನು ನಮ್ಮ ಓದುಗರು ವಿವರವಾಗಿ ತಿಳಿಯುವುದು ಒಳ್ಳೆಯದು. ಅದೇ ಹಾದಿಯಲ್ಲಿ ನಮ್ಮ ಸರಕಾರವೂ ಹೆಜ್ಜೆ ಇಡುತ್ತಿದೆ.

ಅಲ್ಲಿ 1980ರ ದಶಕದಲ್ಲಿ ‘ಕೇಬಲ್ ರೆಡಿ’ ಎಂಬ ಚೀಟಿ ಹಚ್ಚಿದ ಟಿ.ವಿ.ಗಳು ಅಂಗಡಿಗೆ ಬಂದವು. ಡಬ್ಬಿ ಬೇಡ, ತಂತಿಯನ್ನು ನೇರವಾಗಿ ಸಿಕ್ಕಿಸಿ ಎಂಬುದು ಅದರ ಅರ್ಥ. ಜನ ಹೆಚ್ಚು ಬೆಲೆ ಕೊಟ್ಟು ಕೊಂಡರು. ಮನೆಗೆ ತಂದು ನೋಡಿದರೆ ಕೇಬಲ್ ಕಂಪೆನಿಗಳು ಚಾನಲ್ಲುಗಳಿಗೆ ಬೀಗ ಹಾಕಿದ್ದವು, ಡಬ್ಬಿ ಬೇಕೇ ಬೇಕಾಯಿತು. ಡಬ್ಬಿ ಬಂದ ಮೇಲೆ ಒಂದು ಕಾರ್ಯಕ್ರಮ ನೋಡುತ್ತ ಇನ್ನೊಂದನ್ನು ವಿ.ಸಿ.ಆರ್.ನಲ್ಲಿ ಹಿಡಿದಿಡುವ ಸೌಕರ್ಯವೂ ಹೋಯಿತು, ಒಂದೇ ತೆರೆಯ ಮೇಲೆ ಎರಡು ಚಿತ್ರ ನೋಡುವ ಸೌಕರ್ಯವೂ ಹೋಯಿತು. ಹಣ ಕೊಟ್ಟು ಕೊಂಡ ಗುಣಗಳನ್ನು ಬಾಡಿಗೆ ಡಬ್ಬಿ ತಿಂದುಹಾಕಿತು.

ಕೂಗು ಎದ್ದಿತು. 1992ರಲ್ಲಿ ಅಲ್ಲಿನ ಕಾಂಗ್ರೆಸ್ಸು ಕೇಬಲ್ ಗ್ರಾಹಕರ ರಕ್ಷಣೆಯ ಕಾಯಿದೆ ಮಾಡಿತು. ಅಧ್ಯಕ್ಷ ಜಾರ್ಜ್ ಬುಷ್ ತಡೆದರು. ಸಭೆಗಳೆರಡೂ ಆ ತಡೆಯನ್ನು ಮೀರಿ ಕಾಯಿದೆಯನ್ನು ಊರ್ಜಿತಗೊಳಿಸಿದವು. ಅವರ ಅಧಿಕಾರಾವಧಿಯಲ್ಲಿ ಹೀಗಾದದ್ದು ಅದೊಂದೇ ಸಲ. ಅದರಂತೆ ಅಲ್ಲಿನ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ 1994ರಲ್ಲಿ ನಿಯಮ ಹೊರಡಿಸಿತು. ಟಿ.ವಿ.ಗೆ ‘ಕೇಬಲ್ ರೆಡಿ’ ಎಂದು ಹೆಸರಿಟ್ಟು ಮಾರಬೇಕಾದರೆ ಅದು ಇಷ್ಟು ಚಾನಲ್ಲು ಹಿಡಿಯಬೇಕು, ಪಕ್ಕದ ಚಾನಲ್ಲಿನ ಗದ್ದಲವನ್ನು ಇಷ್ಟು ತಡೆಯಬೇಕು, ಗಾಳಿಯಲ್ಲಿ ಬರುವ ಸಂಕೇತ ಒಳನುಗ್ಗದಂತೆ ಇಷ್ಟು ಭದ್ರವಿರಬೇಕು ಎಂದು ಅಳತೆ ಕಟ್ಟಿತು. ತಕ್ಕಡಿಗೆ ಮುದ್ರೆ ಒತ್ತುವಂತೆ ಇದು ನ್ಯಾಯವಾದ ಕೆಲಸವೇ. ಇನ್ನೊಂದು ನಿಯಮವೂ ಇತ್ತು: ಅತ್ಯಂತ ಅಗ್ಗದ ಮೂಲ ಕಂತಿನ ಚಾನಲ್ಲುಗಳಿಗೆ ಕಂಪೆನಿ ಬೀಗ ಹಾಕಕೂಡದು. ನಮ್ಮ ದೃಷ್ಟಿಯಲ್ಲಿ ಆ ಕಟ್ಟಲೆಗಳಲ್ಲೆಲ್ಲ ಬಡವನಿಗೆ ನಿಜವಾಗಿ ದಕ್ಕಿದ್ದು ಇದೊಂದೇ. 2012ರಲ್ಲಿ ಅದನ್ನೇ ಸಡಿಲಿಸಿದರು. ಪೂರ್ತಿ ಡಿಜಿಟಲ್ ಆದ ಕಂಪೆನಿಗಳು ಮೂಲ ಚಾನಲ್ಲಿಗೂ ಬೀಗ ಹಾಕಬಹುದೆಂದರು. ಅಳತೆಗೆ ಸರಿಯಾಗಿ ತಯಾರಾದ ಟಿ.ವಿ.ಗಳು ಅಳತೆಗೆ ಸರಿಯಾಗಿಯೇ ಕುರುಡಾದವು.

ನಡುವೆ ಇನ್ನೊಂದು ಯತ್ನ ನಡೆದಿತ್ತು. 1996ರ ದೂರಸಂಪರ್ಕ ಕಾಯಿದೆಯು ಡಬ್ಬಿಯನ್ನು ಕೇಬಲ್ ಕಂಪೆನಿಗೆ ಸೇರದ ತಯಾರಕರಿಂದಲೂ, ಪೇಟೆಯ ಅಂಗಡಿಯಲ್ಲಿ ಕೊಳ್ಳುವಂತಾಗಬೇಕು ಎಂದಿತು. ಹಾಗಾಗಲು ಬೀಗವನ್ನು ಯಂತ್ರದಿಂದ ಬೇರ್ಪಡಿಸಬೇಕಷ್ಟೆ. ‘ಕೇಬಲ್ ಕಾರ್ಡ್’ ಎಂಬ ಪುಟ್ಟ ಕಾರ್ಡು ಬಂತು. ಕಂಪೆನಿ ಕಾರ್ಡು ಕೊಡಬೇಕು, ನಾವು ಅದನ್ನು ನಮ್ಮ ಟಿ.ವಿ.ಗೆ ತೂರಿಸಬೇಕು, ನಮ್ಮ ಸಿಮ್ಮಿನ ಹಾಗೆ. 2003ರಲ್ಲಿ ಅದಕ್ಕೆ ನಿಯಮವೂ ಆಯಿತು. ಕಂಪೆನಿಗಳು ತಮ್ಮ ಡಬ್ಬಿಯಲ್ಲೂ ಇದೇ ಕಾರ್ಡು ಬಳಸಬೇಕೆಂಬ ಕಟ್ಟಳೆಯನ್ನು 2005ರಿಂದ 2006ಕ್ಕೆ, 2006ರಿಂದ 2007ಕ್ಕೆ ಮುಂದೂಡಿಸಿಕೊಂಡರು. ಕಾರ್ಡು ಹಾಕಿದ ಟಿ.ವಿ.ಯಲ್ಲಿ ಚಿತ್ರ ಬಂತೇ ಹೊರತು ಕಂಪೆನಿಯ ಕಾರ್ಯಕ್ರಮ ಪಟ್ಟಿ ಬರಲಿಲ್ಲ, ಬೇಕಾದಾಗ ಸಿನಿಮಾ ತರಿಸಿ ನೋಡುವುದಾಗಲಿಲ್ಲ. ಕಾರ್ಡನ್ನು ತೂರಿಸಲು ಕಂಪೆನಿಯ ಆಳೇ ಬರಬೇಕೆಂದರು. ತಾವೇ ಹಾಕಿಕೊಳ್ಳುವ ಹಕ್ಕು ಗ್ರಾಹಕನಿಗೆ ಸಿಗಲು 2011 ಬರಬೇಕಾಯಿತು!

ಪರಿಣಾಮವನ್ನು ಎರಡು ಅಂಕಿ ಹೇಳುತ್ತವೆ. ಹತ್ತು ವರ್ಷವಾದ ಮೇಲೆ, ಪೇಟೆಯಲ್ಲಿ ಕೊಂಡ ಯಂತ್ರಗಳಲ್ಲಿ ಕೂತ ಕಾರ್ಡುಗಳು ಸುಮಾರು 6 ಲಕ್ಷ; ಕಂಪೆನಿಗಳದೇ ಬಾಡಿಗೆ ಡಬ್ಬಿಗಳಲ್ಲಿ ಕೂತವು 5 ಕೋಟಿಗೂ ಹೆಚ್ಚು. 2015ರಲ್ಲಿ ಇಬ್ಬರು ಸೆನೆಟರರು ವಿಚಾರಿಸಿ ನೋಡಿದಾಗ ಗ್ರಾಹಕರಲ್ಲಿ ನೂರಕ್ಕೆ 99 ಮಂದಿ ಡಬ್ಬಿಯನ್ನು ಬಾಡಿಗೆಗೇ ಪಡೆದಿದ್ದರು. ಒಂದು ಸಂಸಾರ ವರ್ಷಕ್ಕೆ ಸರಾಸರಿ 231 ಡಾಲರ್ ಬಾಡಿಗೆ ತೆರುತ್ತಿತ್ತು. 2013ರಲ್ಲಿ ನ್ಯಾಯಾಲಯವು 2003ರ ನಿಯಮವನ್ನು ರದ್ದು ಮಾಡಿತು. 2014ರ ಕಾಯಿದೆಯೊಂದು ಕಂಪೆನಿಗಳ ಮೇಲಿದ್ದ ಕಟ್ಟಳೆಯನ್ನು ತೆಗೆದುಹಾಕಿತು. 2016ರ ಫೆಬ್ರುವರಿಯಲ್ಲಿ ಕಮಿಷನ್ ಮೂರಕ್ಕೆ ಎರಡು ಮತದಿಂದ ಹೊಸ ಯತ್ನ ಆರಂಭಿಸಿತು. ಸೆಪ್ಟೆಂಬರಿನಲ್ಲಿ ಅಂತಿಮ ಮತಕ್ಕೆ ಹಾಕಬೇಕಾದ ದಿನ ವಿಷಯವನ್ನು ಪಟ್ಟಿಯಿಂದ ಕೈಬಿಟ್ಟಿತು. ಅಲ್ಲಿಗೆ ಕಥೆ ಮುಗಿಯಿತು.

ಅದೇ ಅಮೆರಿಕಾದಲ್ಲಿ ಟೆಲಿಫೋನಿನ ವಿಷಯದಲ್ಲಿ ನಡೆದದ್ದು ಬೇರೆ. ದೂರವಾಣಿ ತಂತಿಗೆ ತನ್ನದಲ್ಲದ ಯಾವ ಸಾಧನವನ್ನೂ ಸೇರಿಸಕೂಡದು, ಸೇರಿಸಿದರೆ ಜಾಲವೇ ಕೆಡುತ್ತದೆ ಎಂದು ಎ.ಟಿ. ಅಂಡ್ ಟಿ. ಕಂಪೆನಿ ಹೇಳುತ್ತಿತ್ತು. 1968ರಲ್ಲಿ ‘ಕಾರ್ಟರ್‌ಫೋನ್’ ಮೊಕದ್ದಮೆಯಲ್ಲಿ ಇದೇ ಕಮಿಷನ್ ಆ ವಾದವನ್ನು ತಳ್ಳಿಹಾಕಿತು. ಜಾಲಕ್ಕೆ ಹಾನಿ ಮಾಡದ ಸಾಧನವನ್ನು ಯಾರು ಬೇಕಾದರೂ ಸೇರಿಸಬಹುದೆಂದಿತು. ಆಮೇಲೆ ಎಲ್ಲರಿಗೂ ಒಂದೇ ಬಗೆಯ ಪ್ಲಗ್ಗು ಬಂತು, ಅಂಗಡಿಗಳಲ್ಲಿ ಫೋನು ಬಂತು, ಮೋಡೆಮ್ ಬಂತು. ಜಾಲವೇನೂ ಕೆಡಲಿಲ್ಲ. ಫೋನಿನಲ್ಲಿ ಕಂಪೆನಿಯ ಕೈಯಿಂದ ಕೀಲು ತಪ್ಪಿತು. ಕೇಬಲ್ಲಿನಲ್ಲಿ ಅಳತೆ ಕೋಲು ಮಾತ್ರ ಸರಕಾರದ ಕೈಗೆ ಬಂತು, ಕೀಲು ಕಂಪೆನಿಯಲ್ಲೇ ಉಳಿಯಿತು.

ಈಗ ನಮ್ಮ ಮನೆಗೆ ಬರೋಣ. ಹಿಂದೆ ನಾವೂ ಕೇಬಲ್ ತಂತಿಯನ್ನು ನೇರವಾಗಿ ಟಿ.ವಿ.ಯ ಬೆನ್ನಿಗೆ ಸಿಕ್ಕಿಸುತ್ತಿದ್ದೆವು. 2011ರಲ್ಲಿ ಪಾರ್ಲಿಮೆಂಟು 1995ರ ಕೇಬಲ್ ಕಾಯಿದೆಗೆ ತಿದ್ದುಪಡಿ ತಂದು ಎಲ್ಲವೂ ಡಿಜಿಟಲ್ ಆಗಬೇಕೆಂದಿತು. ಬೆಂಗಳೂರು, ಮೈಸೂರಿಗೆ 2013ರ ಮಾರ್ಚ್ 31ರ ಗಡುವು. ಉಳಿದ ಪಟ್ಟಣಗಳಿಗೆ 2015ರ ಕೊನೆ. ಹಳ್ಳಿಗಳಿಗೆ ಮುಂದೂಡುತ್ತ ಹೋಗಿ 2017ರ ಮಾರ್ಚ್ 31. ಡಿಜಿಟಲ್ ಆದದ್ದಕ್ಕೆ ನಮ್ಮ ಆಕ್ಷೇಪವಿಲ್ಲ. ಚಿತ್ರ ಸ್ವಚ್ಛವಾಯಿತು, ಲೆಕ್ಕ ಬಯಲಿಗೆ ಬಂತು. ಆದರೆ ಡಬ್ಬಿಯನ್ನು ಕಡ್ಡಾಯ ಮಾಡಿದ ಸರಕಾರ, ಒಬ್ಬರ ಡಬ್ಬಿ ಇನ್ನೊಬ್ಬರಲ್ಲಿ ನಡೆಯಬೇಕೆಂಬುದನ್ನು ಅಷ್ಟೇ ಗಟ್ಟಿಯಾಗಿ ಕಡ್ಡಾಯ ಮಾಡಲಿಲ್ಲ.

ಡಿಶ್ಶಿನವರ ಲೈಸೆನ್ಸಿನಲ್ಲಿ 2001ರಿಂದಲೇ ಈ ಮಾತು ಬರೆದಿದೆ: ಡಬ್ಬಿ ಒಬ್ಬರ ಸ್ವಂತ ರಚನೆಗೆ ಕಟ್ಟುಬೀಳದೆ, ಬೇರೆ ಬೇರೆ ಕಂಪೆನಿಗಳ ನಡುವೆ ಹೊಂದುವಂತಿರಬೇಕು ಎಂದು. ಅಳತೆಯೂ ಇದೆ. ಭಾರತೀಯ ಮಾನಕ ಸಂಸ್ಥೆ 2002ರಲ್ಲಿ ಕೇಬಲ್ ಡಬ್ಬಿಗೆ, 2003ರಲ್ಲಿ ಡಿಶ್ ಡಬ್ಬಿಗೆ ಮಾನಕ ಹೊರಡಿಸಿತು. ಕಾಗದದಲ್ಲಿ ಎಲ್ಲವೂ ಸರಿ. ಆದರೆ ಒಂದು ಕಂಪೆನಿ ಹಳೆಯ ರೀತಿಯಲ್ಲಿ ಚಿತ್ರವನ್ನು ಒತ್ತಿ ಕಳಿಸಿತು, ಇನ್ನೊಂದು ಹೊಸ ರೀತಿಯಲ್ಲಿ. ಬೀಗ ಬದಲಿಸುವ ಬಿಡಿಭಾಗಕ್ಕೆ ಹೊಸ ಡಬ್ಬಿಯ ಸಮೀಪದ ಬೆಲೆ ಬಿದ್ದಿತು. ಯಾರು ಕೊಂಡಾರು?

2020ರ ಏಪ್ರಿಲ್‌ನಲ್ಲಿ ಟ್ರಾಯ್ ಎಂಬ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಒಳ್ಳೆಯ ಶಿಫಾರಸು ಕೊಟ್ಟಿತು. ದೇಶದಲ್ಲಿ ಗ್ರಾಹಕನಿಗೆ ಕೊಡುವ ಎಲ್ಲ ಡಬ್ಬಿಗಳೂ ಪರಸ್ಪರ ಹೊಂದುವಂತಿರಬೇಕು, ಕೇಬಲ್ಲಿನಿಂದ ಕೇಬಲ್ಲಿಗೆ, ಡಿಶ್ಶಿನಿಂದ ಡಿಶ್ಶಿಗೆ ಹೋಗುವವನು ಡಬ್ಬಿ ಬಿಸಾಡಬಾರದು, ಟಿ.ವಿ.ಗಳಲ್ಲೂ ಬೀಗದ ಕಡ್ಡಿ ಸಿಕ್ಕಿಸುವ ಯು.ಎಸ್.ಬಿ. ಕಿಂಡಿ ಇರಬೇಕು, ಇದಕ್ಕೆ ಆರು ತಿಂಗಳು ಸಾಕು ಎಂದಿತು. ಯುರೋಪಿನಲ್ಲಿ 30 ಸೆಂಟಿಮೀಟರಿಗಿಂತ ದೊಡ್ಡ ತೆರೆಯ ಡಿಜಿಟಲ್ ಟಿ.ವಿ.ಗೆ ಇಂಥ ತೆರೆದ ಕಿಂಡಿ ಇರಬೇಕೆಂದು 2002ರಲ್ಲೇ ಕಟ್ಟಳೆಯಾಗಿತ್ತು ಎಂಬುದನ್ನು ನೆನೆದರೆ ಇದೇನೂ ಆಕಾಶದ ಹಣ್ಣಲ್ಲ. ಆರು ತಿಂಗಳು ಹೋಯಿತು, ವರ್ಷಗಳೂ ಹೋದವು. 2025ರ ಫೆಬ್ರುವರಿಯಲ್ಲಿ ಅದೇ ಟ್ರಾಯ್ ಹೊಸ ಶಿಫಾರಸು ಕಳಿಸಿದಾಗ ಡಬ್ಬಿಗಳ ಹೊಂದಾಣಿಕೆಗೆ ‘ಪ್ರೋತ್ಸಾಹ’ ಕೊಡಬೇಕು ಎಂದು ಬರೆಯಿತು. ಇರಬೇಕು ಎಂದದ್ದು ಪ್ರೋತ್ಸಾಹಕ್ಕೆ ಇಳಿಯಿತು! ಗಿರಣಿಯಲ್ಲಿ ಹಾಜರಿಗೆ ಪ್ರೋತ್ಸಾಹ ಎನ್ನುತ್ತಾರೆಯೇ? ಹತ್ತು ನಿಮಿಷ ತಡವಾದರೆ ಕೂಲಿ ಕತ್ತರಿಸುತ್ತಾರೆ.

ಕಂಪೆನಿಗಳ ವಾದವನ್ನೂ ಕೇಳಿದ್ದೇವೆ. ಬೀಗ ಹೊರಬಿದ್ದರೆ ಕಳ್ಳತನ ಹೆಚ್ಚುತ್ತದೆ ಎನ್ನುತ್ತಾರೆ. ಸಿಮ್ ಹೊರಗೇ ಇದೆ; ಅದರಿಂದ ಮೊಬೈಲ್ ಕಂಪೆನಿ ಮುಳುಗಿದ್ದನ್ನು ನಾವು ಕಂಡಿಲ್ಲ. ನಾವು ನಷ್ಟಕ್ಕೆ ಡಬ್ಬಿ ಕೊಟ್ಟಿದ್ದೇವೆ ಎನ್ನುತ್ತಾರೆ. ಆ ನಷ್ಟವನ್ನು ತಿಂಗಳ ಬಿಲ್ಲಿನಲ್ಲಿ ಯಾರಿಂದ ತುಂಬಿಕೊಂಡರು ಎಂಬುದು ಬಿಲ್ಲು ಕಟ್ಟುವವರಿಗೆ ಗೊತ್ತು. ಈಗ ಎಲ್ಲರೂ ಮೊಬೈಲಿನಲ್ಲಿ ನೋಡುತ್ತಾರೆ, ಡಬ್ಬಿಯ ಕಾಲ ಮುಗಿಯಿತು ಎಂಬ ಮೂರನೆಯ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಆದರೆ ದೇಶದ ಕೋಟಿಗಟ್ಟಲೆ ಮನೆಗಳಲ್ಲಿ ಸಂಜೆ ಹೊತ್ತು ಸುದ್ದಿ, ಧಾರಾವಾಹಿ ಈಗಲೂ ಈ ತಂತಿಯಲ್ಲೇ ಬರುತ್ತದೆ, ಅದರಲ್ಲೂ ಬಡವರ ಮನೆಯಲ್ಲಿ.

ಇಲ್ಲಿ ಓಣಿಯ ಕೇಬಲ್ಲಿನವನ ಮೇಲೆ ಸಿಟ್ಟು ತೀರಿಸಿಕೊಳ್ಳುವವರಿಗೆ ಒಂದು ಮಾತು. ಅವನೂ ನಮ್ಮ ಹಾಗೆಯೇ ಸಣ್ಣ ಮನುಷ್ಯ. ಕಂಬ ಹತ್ತಿ ತಂತಿ ಕಟ್ಟುವವನು ಅವನು, ಮಳೆಯಲ್ಲಿ ಬಂದು ದುರಸ್ತಿ ಮಾಡುವವನು ಅವನು. ಡಬ್ಬಿಯ ಕೀಲಿ ಮಾತ್ರ ದೊಡ್ಡ ಊರಿನ ದೊಡ್ಡ ಕಂಪೆನಿಯ ಕೈಯಲ್ಲಿ. ಆ ಕಂಪೆನಿ ಪಾಲು ಕಡಿಮೆ ಮಾಡಿತೆಂದು ಇನ್ನೊಂದು ಕಂಪೆನಿಯ ಸಂಕೇತ ತರಿಸೋಣವೆಂದರೆ ತನ್ನ ಮುನ್ನೂರು ಮನೆಯ ಮುನ್ನೂರು ಡಬ್ಬಿಯನ್ನೂ ಬದಲಿಸಬೇಕು. ಅಷ್ಟು ಬಂಡವಾಳ ಎಲ್ಲಿಂದ ತಂದಾನು? ಡಬ್ಬಿಯ ಬೀಗ ಗಿರಾಕಿಯನ್ನು ಕಟ್ಟಿಹಾಕಿದಷ್ಟೇ ಬಿಗಿಯಾಗಿ ಅವನನ್ನೂ ಕಟ್ಟಿಹಾಕಿದೆ. ರೇಡಿಯೋ ಟಿ.ವಿ. ಅಂಗಡಿಯ ನಮ್ಮ ವ್ಯಾಪಾರಿಗಳ ಪಾಡೂ ಇದೇ. ಡಬ್ಬಿಯ ವ್ಯಾಪಾರ ಅವರದಾಗಬೇಕಿತ್ತು. ಅವರಿಗೆ ಉಳಿದದ್ದು ರಿಮೋಟು ಮತ್ತು ವೈರು.

ಬೀಗವಿಲ್ಲದ ಕಡೆ ಏನಾಗುತ್ತದೆಂದು ನೋಡಬೇಕಾದರೆ ದೂರ ಹೋಗಬೇಕಿಲ್ಲ. ದೂರದರ್ಶನ 2004ರ ಡಿಸೆಂಬರಿನಲ್ಲಿ ಆರಂಭಿಸಿದ, ಈಗ ಫ್ರೀ ಡಿಶ್ ಎನ್ನುವ ಸೇವೆಗೆ ತಿಂಗಳ ಬಾಡಿಗೆ ಇಲ್ಲ. ಅದರ ಡಬ್ಬಿ, ತಟ್ಟೆ ಎರಡನ್ನೂ ಸಂತೆಯ ಅಂಗಡಿಯಲ್ಲಿ ಚೌಕಾಸಿ ಮಾಡಿ ಕೊಳ್ಳಬಹುದು. ಕೆಟ್ಟರೆ ಬೇರೆ ಅಂಗಡಿಯದನ್ನು ತರಬಹುದು. ಡಬ್ಬಿಯೇ ಬೇಡದಂತೆ ಟಿ.ವಿ.ಯೊಳಗೇ ಉಪಗ್ರಹದ ಟ್ಯೂನರ್ ಕೂರಿಸಲು ಮಾನಕ ಸಂಸ್ಥೆ 2022ರಲ್ಲಿ ಐ.ಎಸ್. 18112 ಎಂಬ ಮಾನಕವನ್ನೂ ತಂದಿದೆ. ಉಚಿತ ಚಾನಲ್ಲಿಗೆ ಸಾಧ್ಯವಾದದ್ದು ಹಣದ ಚಾನಲ್ಲಿಗೆ ಬಂದಾಗ ನಿಲ್ಲುವುದು ಆ ಬೆಸುಗೆಯ ಹತ್ತಿರವೇ.

ಹೊಂದಿಕೊಳ್ಳುವ ಡಬ್ಬಿಗೂ, ಡಬ್ಬಿಯನ್ನು ಒಳಗೊಂಡ ಟಿ.ವಿ.ಗೂ ಅಳತೆ ಕಟ್ಟುವ ಕೆಲಸವನ್ನು ದೂರಸಂಪರ್ಕ ಇಲಾಖೆಯ ತಾಂತ್ರಿಕ ಕೇಂದ್ರಕ್ಕೆ ಒಪ್ಪಿಸಬೇಕೆಂದು 2025ರ ಶಿಫಾರಸಿನಲ್ಲಿದೆ. ಎಂಜಿನಿಯರುಗಳು ಕಿಂಡಿಯ ಅಗಲ, ಸಂಕೇತದ ಬಲ ಎಲ್ಲವನ್ನೂ ಸರಿಯಾಗಿಯೇ ಬರೆದಾರು. ನಮಗೆ ಬೇಕಾದದ್ದು ಅವರ ಪುಸ್ತಕದಲ್ಲಿ ಸಾಮಾನ್ಯವಾಗಿ ಬರೆಯದ ಮಾತುಗಳು: ಬೀಗದ ಕಡ್ಡಿಯನ್ನು ಕೇಳಿದವನಿಗೆ ಎಷ್ಟು ದಿನದೊಳಗೆ ಕೊಡಬೇಕು, ಅದಕ್ಕೆ ಹೆಚ್ಚೆಂದರೆ ಎಷ್ಟು ರೂಪಾಯಿ ತೆಗೆದುಕೊಳ್ಳಬಹುದು, ಕಂಪೆನಿಯು ತನ್ನ ಡಬ್ಬಿಗೂ ಅದೇ ಕಡ್ಡಿಯನ್ನು ಯಾವ ತಾರೀಖಿನಿಂದ ಬಳಸಬೇಕು, ತಪ್ಪಿದರೆ ದಂಡ ಯಾರು ಕಟ್ಟಬೇಕು. ಕರಡು ಹೊರಬಿದ್ದಾಗ ಅಭಿಪ್ರಾಯ ಕೇಳುವ ಪದ್ಧತಿಯಿದೆ. ಆಗ ಕಂಪೆನಿಗಳ ವಕೀಲರು ಅಭಿಪ್ರಾಯ ಬರೆಯುತ್ತಾರೆ. ಟಿ.ವಿ. ವ್ಯಾಪಾರಿಗಳ ಸಂಘ, ಕೇಬಲ್ಲಿನವರ ಸಂಘ, ಕಾರ್ಮಿಕ ಸಂಘಗಳೂ ಕನ್ನಡದಲ್ಲೇ ಒಂದೊಂದು ಹಾಳೆ ಬರೆದು ಕಳಿಸಲಿ. ಅಟ್ಟದ ಮೇಲಿನ ಡಬ್ಬಿಗಳ ಎಣಿಕೆಯನ್ನೂ ಅದರಲ್ಲಿ ಸೇರಿಸಲಿ.