ಮಕ್ಕಳೊಡನೆ ಕಡಲ ನಗರಿಗೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ಮಕ್ಕಳನ್ನು ಕಟ್ಟಿಕೊಂಡು ದೂರದೇಶಕ್ಕೆ ಹೊರಡುವ ಗೃಹಸ್ಥರು ಈ ಮಾತನ್ನು ತಿರುವಿ ಹಾಕಿಕೊಳ್ಳುವುದು ಲೇಸು: ಮೊದಲು ಕೋಶ, ಆಮೇಲೆ ದೇಶ. ಉದ್ಯೋಗ, ವ್ಯಾಸಂಗಗಳ ನಿಮಿತ್ತ ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಇಂದು ಯುರೋಪಿನ ನಾಡುಗಳಲ್ಲಿ ನೆಲೆಸಿದ್ದಾರೆ. ಅವರನ್ನು ಕಾಣುವ ನೆಪದಲ್ಲೋ, ವರ್ಷಗಟ್ಟಲೆ ಕೂಡಿಟ್ಟ ಹಣದ ಬಲದಲ್ಲೋ ಸಂಸಾರ ಸಮೇತ ಆ ಕಡೆ ಹೋಗಿಬರುವ ಹಂಬಲ ಹಲವರಲ್ಲಿ ಮೂಡಿದೆ. ಹಂಬಲ ತಪ್ಪಲ್ಲ, ಆದರೆ ಸಿದ್ಧತೆಯಿಲ್ಲದ ಹಂಬಲವು ಹಣವನ್ನೂ ಆರೋಗ್ಯವನ್ನೂ ಒಟ್ಟಿಗೆ ಕಳೆಯುತ್ತದೆ. ಆದ್ದರಿಂದ ಮೆಡಿಟರೇನಿಯನ್ ಸಮುದ್ರದ ದಂಡೆಯ ಒಂದು ನಗರವನ್ನು, ಸ್ಪೇನ್ ದೇಶದ ಪೂರ್ವ ಕರಾವಳಿಯ ವೆಲೆನ್ಸಿಯಾವನ್ನು, ನಿದರ್ಶನವಾಗಿ ಇಟ್ಟುಕೊಂಡು ಈ ಸಲ ನಾಲ್ಕು ಮಾತು ಬರೆಯುತ್ತಿದ್ದೇವೆ.

ಒಂದೇ ನಗರವೇಕೆ ಎಂದು ಕೆಲವರು ಕೇಳಬಹುದು. ಹತ್ತು ದಿನದಲ್ಲಿ ಐದು ದೇಶ ತೋರಿಸುವ ಪ್ರವಾಸಗಳು ದೊಡ್ಡವರಿಗೇ ದಣಿವು ತರುತ್ತವೆ. ಮಕ್ಕಳಿಗಂತೂ ಬಸ್ಸಿನ ಕಿಟಕಿಯಲ್ಲದೆ ಬೇರೇನೂ ನೆನಪುಳಿಯುವುದಿಲ್ಲ. ಒಂದು ಊರಿನಲ್ಲಿ ಏಳು ದಿನ ನಿಂತರೆ ಮಗು ಆ ಊರಿನ ಬೀದಿಯನ್ನು ಗುರುತಿಸುತ್ತದೆ, ಅಂಗಡಿಯವನಿಗೆ ವಂದನೆ ಹೇಳಲು ಕಲಿಯುತ್ತದೆ. ವೆಲೆನ್ಸಿಯಾದಲ್ಲಿ ಕಡಲಿದೆ, ಹೊಲವಿದೆ, ವಿಜ್ಞಾನವಿದೆ, ಹಳೆಯ ಕಟ್ಟಡಗಳಿವೆ. ನೆಲವೂ ಬಹುಮಟ್ಟಿಗೆ ಸಮತಟ್ಟಾದದ್ದು. ಮುದುಕರಿಗೂ ಮಕ್ಕಳಿಗೂ ನಡೆದಾಡಲು ಅನುಕೂಲ.

ಮೊದಲ ನಿರ್ಧಾರ ಕಾಲದ್ದು. ನಮ್ಮ ಶಾಲೆಗಳಿಗೆ ದೀರ್ಘ ಬಿಡುವು ದೊರೆಯುವುದು ಏಪ್ರಿಲ್-ಮೇ ತಿಂಗಳಲ್ಲಿ ಮತ್ತು ದಸರೆಯ ಸುಮಾರಿನಲ್ಲಿ. ಇವೆರಡರಲ್ಲಿ ಮೊದಲನೆಯದನ್ನೇ ಆರಿಸಬೇಕೆಂದು ನಾವು ಒತ್ತಿ ಹೇಳುತ್ತೇವೆ. ಬೇಸಿಗೆಯಿಡೀ ಕಾದ ಮೆಡಿಟರೇನಿಯನ್ ಸಮುದ್ರದ ಮೇಲೆ ಶರತ್ಕಾಲದಲ್ಲಿ ಮೇಲಿನ ತಂಪುಗಾಳಿ ಬಂದು ನಿಂತಾಗ ಆ ಕರಾವಳಿಯಲ್ಲಿ ಕೆಲವೇ ಗಂಟೆಗಳಲ್ಲಿ ಭೀಕರ ಮಳೆ ಸುರಿಯುವುದುಂಟು. 1957ರ ಅಕ್ಟೋಬರ್ 14ರಂದು ತೂರಿಯಾ ನದಿ ಉಕ್ಕಿ ನಗರವನ್ನೇ ಮುಳುಗಿಸಿತು. 2024ರ ಅಕ್ಟೋಬರ್ 29ರ ಪ್ರವಾಹದಲ್ಲಿ ಆ ಪ್ರಾಂತದಲ್ಲಿ 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಪ್ರತಿ ಅಕ್ಟೋಬರಿನಲ್ಲೂ ಹೀಗಾಗುವುದಿಲ್ಲ, ನಿಜ. ಆದರೂ ಆರಿಸಿಕೊಳ್ಳುವ ಸ್ವಾತಂತ್ರ್ಯ ನಮ್ಮ ಕೈಯಲ್ಲಿರುವಾಗ ಸೌಮ್ಯವಾದ ಮೇ ತಿಂಗಳನ್ನು ಬಿಟ್ಟು ಬೇರೆಯದಕ್ಕೆ ಕೈಹಾಕುವುದೇಕೆ? ಮೇ ತಿಂಗಳಲ್ಲಿ ಹಗಲು ಹಿತವಾಗಿರುತ್ತದೆ. ಕಡಲ ನೀರು ಮಾತ್ರ ತಣ್ಣಗಿರುತ್ತದೆ. ಈಜಿಗಿಂತ ಮರಳಿನಾಟಕ್ಕೇ ತಕ್ಕ ಕಾಲ. ಈಸ್ಟರ್ ವಾರದಲ್ಲಿ ಜನಸಂದಣಿಯೂ ವಸತಿಯ ದರವೂ ಏರುವುದರಿಂದ ಅದನ್ನು ತಪ್ಪಿಸಿ ದಿನ ಗೊತ್ತುಮಾಡಬೇಕು.

ಎರಡನೆಯದು ಕಾಗದಪತ್ರ. ಸ್ಪೇನಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಸಲ್ಲಿಸಬಹುದು. ಹದಿನೈದು ದಿನಕ್ಕಿಂತ ಕಡಿಮೆ ಅವಧಿ ಉಳಿದಿರುವಾಗ ಸಲ್ಲಿಸಲಾಗದು. 2024ರ ಜೂನ್ ತಿಂಗಳ ಪರಿಷ್ಕರಣೆಯಂತೆ ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೊ. 6 ವರ್ಷದೊಳಗಿನ ಕೂಸುಗಳಿಗೆ ಶುಲ್ಕವಿಲ್ಲ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಪಾಸ್‌ಪೋರ್ಟು ಹಿಂದಿರುಗುವ ದಿನದ ಆಚೆಗೂ ಮೂರು ತಿಂಗಳು ಊರ್ಜಿತವಾಗಿರಬೇಕು. ಮಕ್ಕಳ ಪಾಸ್‌ಪೋರ್ಟಿನ ಅವಧಿ ಸಾಮಾನ್ಯವಾಗಿ ಐದೇ ವರ್ಷವೆಂಬುದನ್ನು ಮರೆತು, ತಮ್ಮದನ್ನಷ್ಟೇ ನೋಡಿಕೊಂಡು ಟಿಕೆಟ್ ಕೊಳ್ಳುವವರಿದ್ದಾರೆ. ತಂದೆ ಅಥವಾ ತಾಯಿ ಒಬ್ಬರೇ ಮಗುವನ್ನು ಕರೆದೊಯ್ಯುವುದಾದರೆ ಇನ್ನೊಬ್ಬರ ಲಿಖಿತ ಒಪ್ಪಿಗೆಯನ್ನು ಮೊದಲೇ ಸಿದ್ಧಪಡಿಸಿಕೊಳ್ಳಬೇಕು. ವಿಮಾನದಲ್ಲಿ ರಾಜಧಾನಿ ಮ್ಯಾಡ್ರಿಡ್‌ವರೆಗೆ ಹೋಗಿ, ಅಲ್ಲಿ ಒಂದು ರಾತ್ರಿ ವಿಶ್ರಮಿಸಿ, 2010ರಲ್ಲಿ ಆರಂಭವಾದ ವೇಗದ ರೈಲಿನಲ್ಲಿ ಎರಡು ಗಂಟೆಯೊಳಗೆ ವೆಲೆನ್ಸಿಯಾ ಸೇರುವುದು ಮಕ್ಕಳಿಗೆ ಹಗುರವಾದ ದಾರಿ.

ಇನ್ನು ನಮ್ಮ ಮನೆಯ ತಾಯಂದಿರ ದೊಡ್ಡ ಚಿಂತೆ ಊಟದ್ದು. ಕಟ್ಟಿಕೊಂಡು ಹೋಗುವ ಬುತ್ತಿಯ ವಿಷಯದಲ್ಲಿ ಅಲ್ಲಿನ ಕಾಯಿದೆಯನ್ನು ತಿಳಿದಿರಬೇಕು. ಹೊರದೇಶದಿಂದ ಬರುವ ಪ್ರಯಾಣಿಕರು ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಯುರೋಪಿನ ಒಕ್ಕೂಟದೊಳಗೆ ತರುವಂತಿಲ್ಲ. ಕೂಸಿನ ಹಾಲಿನ ಪುಡಿಗೆ ಮಾತ್ರ ಮಿತಿಯೊಳಗೆ ವಿನಾಯಿತಿಯುಂಟು. ಆದ್ದರಿಂದ ತುಪ್ಪದ ಡಬ್ಬಿ ಮನೆಯಲ್ಲೇ ಉಳಿಯಲಿ. ಮೇ ತಿಂಗಳೆಂದು ಮಾವಿನ ಹಣ್ಣನ್ನು ಗಂಟು ಕಟ್ಟುವುದೂ ಬೇಡ. ಬಾಳೆ, ತೆಂಗಿನಕಾಯಿ, ಅನಾನಸು, ಖರ್ಜೂರದಂಥ ಕೆಲವನ್ನು ಬಿಟ್ಟರೆ ತಾಜಾ ಹಣ್ಣು ತರಕಾರಿಗಳಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ ಇಷ್ಟಿದ್ದರೆ ಮೊದಲ ಎರಡು ದಿನದ ಹಸಿವು ನೀಗುತ್ತದೆ.

ಅಲ್ಲಿನ ಊಟದ ವೇಳೆಯೂ ನಮ್ಮದಲ್ಲ. ಮಧ್ಯಾಹ್ನದ ಊಟ ಎರಡು ಗಂಟೆಗೆ, ರಾತ್ರಿಯದು ಒಂಬತ್ತಕ್ಕೆ. ನಡುವೆ ಬಹಳಷ್ಟು ಉಪಾಹಾರಗೃಹಗಳಲ್ಲಿ ಒಲೆ ಹೊತ್ತಿರುವುದಿಲ್ಲ. ಏಳಕ್ಕೆ ಉಂಡು ಮಲಗುವ ಮಗುವಿಗೆ ಇದು ಕಷ್ಟ. ಅದಕ್ಕಾಗಿಯೇ ಅಡುಗೆಮನೆಯುಳ್ಳ, ಪರವಾನಗಿ ಪಡೆದ ವಸತಿಯನ್ನು ಹಿಡಿಯುವುದು ಮೇಲು. 1928ರಲ್ಲಿ ತೆರೆದ ಕೇಂದ್ರ ಮಾರುಕಟ್ಟೆಯಲ್ಲಿ ಬೆಳಿಗ್ಗೆ ತರಕಾರಿ, ಕಾಳು, ಅಕ್ಕಿ ಎಲ್ಲವೂ ದೊರೆಯುತ್ತವೆ. ಮಧ್ಯಾಹ್ನವಾದ ಮೇಲೆ ಮುಚ್ಚುತ್ತದೆ, ಭಾನುವಾರ ತೆರೆಯುವುದಿಲ್ಲ. ಹೊರಗೆ ಉಣ್ಣುವಾಗ ಎಚ್ಚರ ಬೇಕು. ಅಗಲವಾದ ಬಾಣಲೆಯಲ್ಲಿ ಬೇಯಿಸುವ ಪಯೆಯಾ ಎಂಬ ಅನ್ನದ ಅಡುಗೆಗೆ ಈ ಊರೇ ತವರು. ಅದರ ಮೂಲರೂಪದಲ್ಲಿ ಮಾಂಸವಿರುತ್ತದೆ. ತರಕಾರಿಯ ಪಯೆಯಾ ಎಂದು ಕೊಟ್ಟದ್ದರಲ್ಲೂ ಬೇಯಿಸಿದ ನೀರು ಮಾಂಸದ್ದೋ ಮೀನಿನದ್ದೋ ಆಗಿರಬಹುದು. 'ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ವೇವೊ' ಎಂದರೆ ಮಾಂಸ, ಮೀನು, ಮೊಟ್ಟೆ ಬೇಡ ಎಂದರ್ಥ. ಇದನ್ನು ಅಲ್ಲಿನ ಲಿಪಿಯಲ್ಲಿ ಚೀಟಿಯ ಮೇಲೆ ಬರೆಸಿಟ್ಟುಕೊಂಡು ತೋರಿಸಿ, ಬೇಯಿಸಿದ ನೀರಿನ ವಿಷಯವನ್ನೂ ಕೇಳಿಯೇ ತಟ್ಟೆಗೆ ಕೈಯಿಡಬೇಕು.

ಆದರೆ ಒಂದು ಪಾನೀಯವನ್ನು ಮಕ್ಕಳು ನಿಶ್ಚಿಂತೆಯಿಂದ ಕುಡಿಯಬಹುದು. ಅದರ ಹೆಸರು ಓರ್ಚಾತಾ. ನಮ್ಮ ರೈತರು ಕಳೆಯೆಂದು ಕಿತ್ತೊಗೆಯುವ ಕೊನ್ನಾರಿಯ ಕುಲಕ್ಕೇ ಸೇರಿದ ಒಂದು ಸಸ್ಯದ ಸಿಹಿಗಡ್ಡೆಯನ್ನು ನೆನೆಸಿ, ರುಬ್ಬಿ, ಸೋಸಿ, ಸಕ್ಕರೆ ಬೆರೆಸಿ ಮಾಡುವ ತಂಪು ಪಾನೀಯವಿದು. ನೋಡಲು ಹಾಲಿನಂತಿದ್ದರೂ ಹಾಲಿಲ್ಲ. ನಗರದ ಉತ್ತರಕ್ಕೆ ಅಂಟಿಕೊಂಡಿರುವ ಅಲ್ಬೊರಾಯಾ ಎಂಬಲ್ಲಿ ಈ ಗಡ್ಡೆಯ ಹೊಲಗಳನ್ನೇ ಕಾಣಬಹುದು.

ಇನ್ನು ನೋಡತಕ್ಕವು. 1957ರ ಪ್ರವಾಹದ ತರುವಾಯ ತೂರಿಯಾ ನದಿಯನ್ನು ನಗರದ ದಕ್ಷಿಣಕ್ಕೆ ಹೊಸ ಪಾತ್ರ ತೋಡಿ ತಿರುಗಿಸಿದರು. ಬರಿದಾದ ಹಳೆಯ ಪಾತ್ರದಲ್ಲಿ ಹೆದ್ದಾರಿ ಮಾಡುವ ಯೋಜನೆಯಿತ್ತು. ನಗರದ ಜನ ಅದನ್ನು ವಿರೋಧಿಸಿ, ಅಲ್ಲಿ ಹಸಿರು ಬೇಕೆಂದು ಹಟ ಹಿಡಿದರು, ಗೆದ್ದರು. ಇಂದು ಅಲ್ಲಿ ಸುಮಾರು 9 ಕಿಲೋಮೀಟರ್ ಉದ್ದದ ಉದ್ಯಾನವಿದೆ. 1990ರಲ್ಲಿ ಅದರೊಳಗೆ ಮಲಗಿದ ಗಲಿವರನ ಬೃಹದಾಕಾರವನ್ನು ನಿರ್ಮಿಸಿದರು. ಮಕ್ಕಳು ಅವನ ತೋಳು ತೊಡೆಗಳನ್ನು ಹತ್ತಿ ಜಾರುತ್ತಾರೆ. ಸಮುದ್ರದ ಕಡೆಯ ತುದಿಯಲ್ಲಿ, ಈ ಊರಿನವನೇ ಆದ ಸಾಂತಿಯಾಗೊ ಕಲಾತ್ರಾವಾ ರೂಪಿಸಿದ ಕಣ್ಣಿನಾಕಾರದ ಚಿತ್ರಮಂದಿರ, 2000ದಲ್ಲಿ ತೆರೆದ ವಿಜ್ಞಾನ ಸಂಗ್ರಹಾಲಯ, ಪಕ್ಕದಲ್ಲೇ 2003ರಲ್ಲಿ ತೆರೆದ ಮಹಾ ಮತ್ಸ್ಯಾಲಯ ಇವೆ. ಮುಟ್ಟಬಾರದು ಎಂಬ ನಿಯಮಕ್ಕೆ ಬದಲು ಮುಟ್ಟದಿರಬಾರದು ಎಂಬುದೇ ಆ ವಿಜ್ಞಾನ ಸಂಗ್ರಹಾಲಯದ ನಿಯಮ. ಒಂದು ದಿನಕ್ಕೆ ಇವುಗಳಲ್ಲಿ ಒಂದೇ ಸಾಕು.

ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಪ್ರಧಾನ ಇಗರ್ಜಿಯ ಬಾಗಿಲಿಗೆ ತಪ್ಪದೆ ಹೋಗಬೇಕು. ರೈತರೇ ಆರಿಸಿದ ಎಂಟು ಜನ ಕರಿ ನಿಲುವಂಗಿ ತೊಟ್ಟು ಅಲ್ಲಿ ಕುಳಿತು ಕಾಲುವೆ ನೀರಿನ ವ್ಯಾಜ್ಯಗಳನ್ನು ಬಾಯಿಮಾತಿನಲ್ಲೇ ವಿಚಾರಿಸಿ ತೀರ್ಪು ಕೊಡುತ್ತಾರೆ. ವ್ಯಾಜ್ಯವಿಲ್ಲದಿದ್ದರೆ ಕೆಲವೇ ನಿಮಿಷದಲ್ಲಿ ಎದ್ದುಬಿಡುತ್ತಾರೆ. ಶತಮಾನಗಳಿಂದ ನಡೆದುಬಂದ ಈ ಜಲನ್ಯಾಯ ಮಂಡಲಿಯನ್ನು 2009ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾಲುವೆಯ ಮೇಲ್ಭಾಗದವರಿಗೂ ಕೊನೆಯಂಚಿನವರಿಗೂ ನಡೆಯುವ ಜಗಳವನ್ನು ಕಂಡ ಒಕ್ಕಲುತನದ ಮನೆಯ ಮಕ್ಕಳಿಗೆ ಇದರ ಅರ್ಥವನ್ನು ವಿವರಿಸಿ ಹೇಳಬೇಕಾಗಿಲ್ಲ. ಮಾರುಕಟ್ಟೆಯ ಎದುರಿಗಿರುವ ಹಳೆಯ ರೇಷ್ಮೆ ವ್ಯಾಪಾರ ಮಂದಿರವನ್ನೂ ನೋಡಬೇಕು. ನಾಲಿಗೆಯಲ್ಲಿ ವಂಚನೆಯಿಲ್ಲದ, ಕೊಟ್ಟ ಮಾತಿಗೆ ತಪ್ಪದ, ಬಡ್ಡಿಯಾಸೆಗೆ ಬೀಳದ ವ್ಯಾಪಾರಿಯೇ ಬಾಳುತ್ತಾನೆ ಎಂಬ ಅರ್ಥದ ಬರಹವನ್ನು ಅದರ ಗೋಡೆಯ ಸುತ್ತ ಲ್ಯಾಟಿನ್ ಭಾಷೆಯಲ್ಲಿ ಬರೆಸಿದ್ದಾರೆ. ಒಂದು ಸಂಜೆ ನಗರದ ದಕ್ಷಿಣಕ್ಕಿರುವ ಅಲ್ಬುಫೆರಾ ಸರೋವರದಲ್ಲಿ ದೋಣಿಯೇರಿ, ಬಿತ್ತನೆಗೆಂದು ನೀರು ನಿಲ್ಲಿಸಿದ ಸುತ್ತಲಿನ ಭತ್ತದ ಗದ್ದೆಗಳನ್ನು ಕಂಡುಬರಬಹುದು.

ಕಡೆಗೆ ಕಡಲು. ಮಕ್ಕಳಿಗೆ ಇದೇ ಮೊದಲ ಆಕರ್ಷಣೆ, ತಂದೆತಾಯಿಗಳಿಗೆ ಇದೇ ಮೊದಲ ಎಚ್ಚರವಾಗಬೇಕು. ಮಾಲ್ವರೋಸಾ ಕಡಲತೀರ ವಿಶಾಲವಾದದ್ದು, ಮೃದುವಾದ ಮರಳಿನದ್ದು. ಹಸಿರು ಬಾವುಟ ಹಾರಿದ್ದರೆ ನೀರಿಗೆ ಇಳಿಯಬಹುದು, ಹಳದಿಯಿದ್ದರೆ ಜಾಗ್ರತೆ, ಕೆಂಪಿದ್ದರೆ ನಿಷೇಧ. ಬಾವುಟವೂ ಕಾವಲುಗಾರನೂ ಇಲ್ಲದ ವೇಳೆಯನ್ನು ಕೆಂಪು ಬಾವುಟವೆಂದೇ ಭಾವಿಸಬೇಕು. ನಮ್ಮ ಒಳನಾಡಿನ ಮಕ್ಕಳು ಬಾವಿ, ಕೆರೆಗಳಲ್ಲಿ ಈಜು ಕಲಿತಿದ್ದರೂ ಅಲೆಯ ಸೆಳೆತವನ್ನು ಅರಿಯರು. ಮೊಣಕಾಲ ಮಟ್ಟದ ನೀರಿನಲ್ಲೂ ಹಿರಿಯರೊಬ್ಬರು ಕೈಯಳತೆಯಲ್ಲಿ ನಿಂತಿರಬೇಕು. ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಫೋನು ಇರಕೂಡದು. ತುರ್ತು ನೆರವಿಗೆ ಕರೆಯಬೇಕಾದ ಸಂಖ್ಯೆ 112. ಅದನ್ನೂ ವಸತಿಯ ವಿಳಾಸವನ್ನೂ ಬರೆದ ಚೀಟಿ ಪ್ರತಿ ಮಗುವಿನ ಜೇಬಿನಲ್ಲಿರಲಿ.

ಹಣದ ವಿಷಯದಲ್ಲಿ ನಮ್ಮ ಮಾತು ಒಂದೇ: ಸಾಲ ಮಾಡಿ ಈ ಪ್ರವಾಸ ಕೈಗೊಳ್ಳಬಾರದು, ಮಕ್ಕಳ ವಿದ್ಯೆಗೆಂದು ತೆಗೆದಿಟ್ಟ ಗಂಟನ್ನೂ ಬಿಚ್ಚಬಾರದು. ಈ ವರ್ಷ ಕೂಡದಿದ್ದರೆ ಮುಂದಿನ ವರ್ಷ. ಕಡಲು ಅಲ್ಲೇ ಇರುತ್ತದೆ. ಹೊರಡುವ ಮುನ್ನ ಒಂದು ಸಂಜೆ ಮನೆಮಂದಿಯೆಲ್ಲ ಕುಳಿತು, ನಕಾಶೆ ಹರಡಿ, ಪ್ರತಿಯೊಂದು ಮಗುವಿಗೂ ಒಂದೊಂದು ದಿನವನ್ನು ಆರಿಸುವ ಹಕ್ಕು ಕೊಡಿರಿ. ಅಜ್ಜ ಅಜ್ಜಿಯರಿಗೂ ಒಂದು ದಿನವಿರಲಿ. ಆ ದಿನ ಎಲ್ಲರೂ ಅವರ ನಡಿಗೆಯ ವೇಗದಲ್ಲೇ ನಡೆಯಲಿ. ಬರಿದಾದ ನದಿಯ ಪಾತ್ರವನ್ನು ಉದ್ಯಾನ ಮಾಡಿಕೊಂಡ ಊರನ್ನು ಕಂಡುಬಂದ ಮಗು, ನಮ್ಮೂರ ಕೆರೆಯ ಅಂಗಳವನ್ನು ಏನು ಮಾಡಿದ್ದೇವೆಂದು ಒಂದು ದಿನ ನಮ್ಮನ್ನೇ ಕೇಳಬಹುದು. ಹಾಗೆ ಕೇಳಿದರೆ ಹೋಗಿಬಂದ ವೆಚ್ಚ ವ್ಯರ್ಥವಾಗಲಿಲ್ಲವೆಂದೇ ತಿಳಿಯಬೇಕು.